ಗೋಡೆಯಿಲ್ಲದ ಇಂಗ್ಲಿಷ್ ಮನೆ

ಗಲ್ಫಿನ ಮಂಗಫ್‌ನಲ್ಲಿ ನಮ್ಮ ಎದುರು ಫ್ಲಾಟಿನ ಉಡುಪಿಯವರು ರಿಫೈನರಿಯಲ್ಲಿ ಕೆಲಸಗಾರರು ಹತ್ತಿ ನಿಲ್ಲುವ ಅಟ್ಟಣಿಗೆ ಕಟ್ಟಿಸುವ ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್. ಯಾರ ಮನೆಗೆ ಹೋದರೂ ಮೇಜನ್ನು ಒಮ್ಮೆ ಅಲ್ಲಾಡಿಸಿ ನೋಡಿಯೇ ಚಹಾದ ಲೋಟ ಇಡುವರು.

ನನ್ನ ಮಗಳಿಗೆ ಶಾಲೆಯಲ್ಲಿ ಇಂಗ್ಲೆಂಡಿನ ಹಳೆಯ ಮರದ ಚೌಕಟ್ಟಿನ ರೈತಮನೆಯ ಮಾದರಿ ಮಾಡಲು ಹೇಳಿದ್ದರು. ರಟ್ಟಿನ ಪೆಟ್ಟಿಗೆಗೆ ಕಪ್ಪು ಪಟ್ಟಿ ಅಂಟಿಸಿದರಾಯಿತು ಎಂದುಕೊಂಡಿದ್ದೆ. ಉಡುಪಿಯವರು ಪುಸ್ತಕದ ಚಿತ್ರ ನೋಡಿ, "ಇದು ನಮ್ಮದೇ ಕೆಲಸ ಮಾರಾಯ್ರೆ. ಮೊದಲು ಎಲುಬು, ಆಮೇಲೆ ಚರ್ಮ," ಎಂದರು. ಖರ್ಜೂರದ ಪೆಟ್ಟಿಗೆ ಸೀಳಿ, ಮಗಳ ಜೊತೆ ಕೂತು, ಮೊಳೆಯಿಲ್ಲದೆ ಮರದ ಗೂಟ ಬಡಿದೇ ಕಂಬ ತೊಲೆ ಕೂಡಿಸಿದರು. ಗೋಡೆ ಏಳುವ ಮೊದಲೇ ಪ್ರದರ್ಶನದ ದಿನ ಬಂತು. ಮಗಳು ಫೇಲಾಗುವಳೆಂದು ನಾನು ಯಥಾಪ್ರಕಾರ ಊಟ ಬಿಟ್ಟೆ.

"ಎಲುಬು ಉಂಟಲ್ಲ, ಮತ್ತೆಂತ ಹೆದರಿಕೆ?" ಎಂದರು ಅವರು.

"ಗೋಡೆಗಳೆಲ್ಲಿ?" ಶಾಲೆಯಲ್ಲಿ ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು. ಆ ಮನೆಗಳಲ್ಲಿ ಗೋಡೆ ಭಾರ ಹೊರುವುದಿಲ್ಲ, ಅದು ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು ಅಷ್ಟೇ, ನೂರಾರು ವರ್ಷ ಹೊತ್ತು ನಿಂತದ್ದು ಮರ ಎಂದು ಮಗಳು ಇಂಗ್ಲಿಷಿನಲ್ಲೇ ವಿವರಿಸಿ, ತನ್ನ ಪುಸ್ತಕದ ಚೀಲವನ್ನು ಮಾಡಿನ ತೊಲೆಗಳ ಮೇಲಿಟ್ಟಳು. ಮನೆ ಕಿರುಗುಟ್ಟಿತು, ಬೀಳಲಿಲ್ಲ. ಟೀಚರ್ ಉಳಿದ ಮಕ್ಕಳನ್ನೂ ಕರೆದು ತೋರಿಸಿ, ಇದು ಇನ್ನು ಶಾಲೆಯಲ್ಲೇ ಇರಲಿ ಎಂದರು. ನಾನು ಹೆಮ್ಮೆಯಿಂದ ಎಲ್ಲರಿಗೂ ಸಲಾಂ ಹೊಡೆದೆ, ನಾನೇ ಕಟ್ಟಿದವನ ಹಾಗೆ.

ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದ ಉಡುಪಿಯವರು ಬಾಗಿಲಾಚೆ ಹೋಗಿ ಊರಿಗೆ ಫೋನು ಹಚ್ಚಿದರು. ಪ್ಲಾಂಟಿನಲ್ಲಿ ಅವರು ಕಟ್ಟಿಸಿದ್ದನ್ನೆಲ್ಲ ಕೆಲಸ ಮುಗಿದೊಡನೆ ಅವರೇ ಬಿಚ್ಚಿಸಬೇಕು. ಹೆಂಡತಿಗೆ ತುಳುವಿನಲ್ಲಿ ಹೇಳುತ್ತಿದ್ದರು: "ಇದನ್ನು ಬಿಚ್ಚುವುದಿಲ್ಲವಂತೆ ಮಾರಾಯ್ತಿ."