ರೇಡಿಯೊಗೆ ಹಚ್ಚಿದ ಗಂಧ

ದೂರದೂರದ ಹವ್ಯಾಸಿಗಳೊಡನೆ ಮಾತಾಡುವ ನನ್ನ ಹ್ಯಾಮ್ ರೇಡಿಯೊದಿಂದ ಕಂಪ್ಯೂಟರಿಗೆ ಮೂರನೇ ಸಲ ಕೇಬಲ್ ಸಿಕ್ಕಿಸಿದರೂ ಪರದೆಯ ಮೇಲೆ ಒಂದು ಅಂಕಿಯೂ ಮೂಡಲಿಲ್ಲ. ರೇಡಿಯೊದ ಪುಟ್ಟ ಡಿಸ್‌ಪ್ಲೇಯಲ್ಲಿ ಯಾವ ತರಂಗಾಂತರ ಎಂದು ತೋರಿಸುವ ಅಂಕಿಗಳು ನನ್ನ ಮಂಜುಗಣ್ಣಿಗೆ ಕಾಣದಾಗಿದ್ದವು; ಅದಕ್ಕೇ ಅವನ್ನು ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡುವ ಈ ಪ್ರಯತ್ನ. ಇದೂ ಆಗದಿದ್ದರೆ ಇಷ್ಟು ವರ್ಷದ ಹವ್ಯಾಸ ಮುಗಿದಂತೆಯೇ. ಕೇಬಲ್ ಕೊಟ್ಟ ವಿಜಯನಗರದ ಅಂಗಡಿಯವನನ್ನು ಬೈಯುತ್ತಾ ಕೂತೆ. ಹೆಂಡತಿ ಟಾರ್ಚ್ ಹಿಡಿದು, ರೇಡಿಯೊದಲ್ಲಿ ಕೇಬಲ್ ಕೂರುವ ತೂತಿನೊಳಗೆ ಇಣುಕಿ ನೋಡಿದಳು.

"ರೀ, ಇದ್ರೊಳಗೆ ಗಂಧ ಒಣಗಿ ಕೂತಿದೆ. ಹೋದ ವರ್ಷ ಆಯುಧಪೂಜೆ ದಿನ ಹಚ್ಚಿದ್ದು ಯಾರು?"

ನಾನೇ. ರೇಡಿಯೊ ಆರಿಸಿ, ಅವಳೇ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆರೆದು ತೆಗೆದಳು. ಈ ಸಲ ಕೇಬಲ್ ಸರಿಯಾಗಿ ಕೂತಿತು. ಪರದೆಯ ಮೇಲೆ ಅಂಗೈ ಅಗಲದ ಅಂಕಿಗಳು ಮೂಡಿದವು. ಕನ್ನಡಕ ತೆಗೆದೂ ಓದಿದೆ.

ಈ ವರ್ಷದ ಪೂಜೆಯಲ್ಲಿ ರೇಡಿಯೊ ನೆತ್ತಿಗೆ ಒಂದೇ ಬೊಟ್ಟು. ಅದನ್ನೂ ಅವಳೇ ಇಟ್ಟಳು. ಗಂಧದ ಬಟ್ಟಲು ನನ್ನ ಕೈಗೆ ಕೊಡಲಿಲ್ಲ.