ಶೇಖರ ಶೆಟ್ಟರ ಎಡಗಾಲು

ಕೊಕ್ಕರ್ಣೆಯ ಶೇಖರ ಶೆಟ್ಟರಿಗೆ ದೇವರು ಎಲ್ಲರಿಗೂ ಕೊಟ್ಟ ಹಾಗೆ ಎರಡು ಕೈ, ಎರಡು ಕಾಲು ಕೊಟ್ಟಿದ್ದಾನೆ. ಆದರೆ ಎಡಗೈ ಎಡಗಾಲುಗಳನ್ನು ಮಾಡುವಾಗ ಮಾತ್ರ ಅವನು ಸ್ವಲ್ಪ ಹೆಚ್ಚು ಹೊತ್ತು ಕೂತು ಕೆಲಸ ಮಾಡಿದ್ದಾನೆ ಎಂಬುದು ಶೆಟ್ಟರ ಖಚಿತ ಅಭಿಪ್ರಾಯ. ಯಾಕೆಂದರೆ ಕ್ಲಚ್ ಒತ್ತುವುದು ಎಡಗಾಲು, ಗೇರ್ ಹಾಕುವುದು ಎಡಗೈ. ಬಲಗೈ ಉಣ್ಣುವುದಕ್ಕೆ, ಬಲಗಾಲು ಹೊಸ ಮನೆಯೊಳಗೆ ಮೊದಲು ಇಡುವುದಕ್ಕೆ. ಅಷ್ಟಕ್ಕೆ ಯಾರ ಕೈಕಾಲಾದರೂ ಆದೀತು.

ಈ ಅಭಿಪ್ರಾಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಶೆಟ್ಟರದ್ದು ಮತ್ತು ಅವರ ಹೆಂಡತಿ ಉಮಾವತಿಯದ್ದು ಅಡುಗೆಯ ವ್ಯಾಪಾರ. ಮದುವೆ, ಸೀಮಂತ, ಗೃಹಪ್ರವೇಶ, ಯಾರ ಮನೆಯದ್ದೇ ಇರಲಿ, ಉಮಾವತಿಯ ಕೋಳಿ ಸಾರು ಇದೆ ಎಂದು ಗೊತ್ತಾದರೆ ಕರೆಯದವರೂ ಹಾದಿಯಲ್ಲಿ ಸಿಕ್ಕಿ ಕರೆಸಿಕೊಳ್ಳುವಂಥ ಹೆಸರು. ಬೇರೆ ಅಡುಗೆಯವರು ಮದುವೆ ಹಾಲ್‌ಗೆ ಹೋಗಿ ಅಲ್ಲೇ ಒಲೆ ಹೂಡುತ್ತಾರೆ. ಉಮಾವತಿ ಹಾಗಲ್ಲ. ಪರರ ಒಲೆ, ಪರರ ಬಾವಿಯ ನೀರು, ಪರರ ರುಬ್ಬುವ ಕಲ್ಲು, ಇವು ಮೂರನ್ನೂ ಅವರು ನಂಬುವುದಿಲ್ಲ. ಮನೆಯ ಹಿಂದಿನ ಅಡುಗೆ ಕೊಟ್ಟಿಗೆಯಲ್ಲೇ ತೆಂಗಿನಕಾಯಿ ಹುರಿದು, ಮಸಾಲೆ ಅರೆದು, ಅಲ್ಲೇ ಸಾರು ಕುದಿಸಿ, ದೊಡ್ಡ ಕೊಪ್ಪರಿಗೆಯಲ್ಲಿ ತುಂಬಿ ಕಳಿಸುತ್ತಾರೆ. ಅದನ್ನು ಬ್ರಹ್ಮಾವರಕ್ಕೋ ಕೋಟಕ್ಕೋ ಕುಂದಾಪುರಕ್ಕೋ, ಹಣೆಬರಹ ಗಟ್ಟಿಯಿದ್ದರೆ ಬೈಂದೂರಿಗೋ, ಪಿಕಪ್ಪಿನಲ್ಲಿ ಮುಟ್ಟಿಸುವ ಹೊಣೆ ಶೆಟ್ಟರದು.

ಸಾರನ್ನು ಕುದಿಸುವುದು ದೊಡ್ಡದಲ್ಲ, ಕುದಿಸಿದ್ದನ್ನು ಚೆಲ್ಲದೆ ಮುಟ್ಟಿಸುವುದು ದೊಡ್ಡದು ಎಂದು ಶೆಟ್ಟರು ಹೆಂಡತಿ ಇಲ್ಲದ ಕಡೆ ಹೇಳುತ್ತಿದ್ದರು. ಕೊಪ್ಪರಿಗೆಯ ಬಾಯಿಗೆ ಬಾಳೆಲೆ ಮುಚ್ಚಿ ಬಟ್ಟೆ ಬಿಗಿದಿರುತ್ತಾರೆ, ನಿಜ. ಆದರೆ ಬೆಪ್ಪು ಡ್ರೈವರನ ಕೈಗೆ ಸಿಕ್ಕಿದರೆ ಯಾವ ಬಟ್ಟೆಯೂ ಸಾರನ್ನು ತಡೆಯುವುದಿಲ್ಲ. ಶೆಟ್ಟರು ಗೇರ್ ಬದಲಿಸಿದರೆ ಇಂಜಿನ್ನಿಗೂ ತಿಳಿಯುತ್ತಿರಲಿಲ್ಲ. ಪೇತ್ರಿ ದಾಟಿ, ಬ್ರಹ್ಮಾವರದಲ್ಲಿ ಹೈವೇ ಹತ್ತಿ, ಸಾಲಿಗ್ರಾಮ ಹಿಂದೆ ಹಾಕಿ ಕೋಟ ಮುಟ್ಟುವವರೆಗೆ ಕೊಪ್ಪರಿಗೆಯೊಳಗೆ ಸಾರು ತೊಟ್ಟಿಲ ಮಗುವಿನ ಹಾಗೆ ಮಲಗಿರುತ್ತಿತ್ತು. ಬಟ್ಟೆ ಬಿಚ್ಚಿ, ಬಾಳೆಲೆ ಎತ್ತಿ, ಒಳಬದಿಗೆ ಸಾರು ತಾಗದೆ ಇರುವುದನ್ನು ಬಾಣಸಿಗರಿಗೆಲ್ಲ ತೋರಿಸಿದ ಮೇಲೆಯೇ ಶೆಟ್ಟರು ಚಾಯ ಕುಡಿಯುವುದು.

ಇಂಥ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದದ್ದು ಹೊರಗಿನ ವೈರಿಯಲ್ಲ, ಒಳಗಿನ ಮೊಣಕಾಲ ಗಂಟು. ಎಡಗಾಲಿನದೇ.

ಒಂದು ಬೆಳಿಗ್ಗೆ ಬ್ರಹ್ಮಾವರದ ಸರ್ಕಲ್ಲಿನಲ್ಲಿ ವಾಹನಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು; ಮತ್ತೊಂದು ಮಾರು, ಮತ್ತೆ ನಿಲ್ಲುವುದು. ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಿದ್ದ ಎಡಗಾಲು ಹೇಳದೆ ಕೇಳದೆ ಕೈಬಿಟ್ಟಿತು. ಪಿಕಪ್ ಒಂದು ಸಲ ಕುಪ್ಪಳಿಸಿ ರಸ್ತೆಯ ನಡುವೆ ಆಫಾಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಅಷ್ಟು ವರ್ಷ ಹಾರ್ನ್ ಹೊಡೆದೇ ಗೊತ್ತಿದ್ದ ಶೆಟ್ಟರಿಗೆ ಹೊಡೆಸಿಕೊಳ್ಳುವುದು ಹೇಗೆಂದು ಅಂದು ತಿಳಿಯಿತು.

ಕುಂದಾಪುರದ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ನಡೆಯಬಹುದು, ಹತ್ತಬಹುದು, ಇಳಿಯಬಹುದು, ಆದರೆ ದಿನವಿಡೀ ಕ್ಲಚ್ ಒತ್ತುವುದನ್ನು ಮಾತ್ರ ಬಿಡಿ ಎಂದರು. ಊಟ ಬಿಡಿ ಎಂದಿದ್ದರೆ ಶೆಟ್ಟರು ಯೋಚಿಸುತ್ತಿದ್ದರೋ ಏನೋ.

ಹಳೆಯ ಪಿಕಪ್ಪಿಗೂ ಆಯುಷ್ಯ ಮುಗಿದಿತ್ತು. ಮದುವೆಗಳು ಶುರುವಾಗುವ ಮೊದಲು ಹೊಸದು ಬರಲೇಬೇಕು. ಶೋರೂಮಿನಲ್ಲಿ ಅದೇ ಗಾಡಿ ಎರಡು ಬಗೆಯಲ್ಲಿ ಸಿಗುತ್ತಿತ್ತು: ಒಂದು ಕ್ಲಚ್ ಇರುವ ಮ್ಯಾನುವಲ್, ಇನ್ನೊಂದು ಗೇರು ತಾನೇ ಬೀಳುವ ಆಟೊಮ್ಯಾಟಿಕ್. ಈ ಎರಡನೆಯದರ ಸುದ್ದಿ ಹೊರಗೆ ಬಿದ್ದದ್ದೇ ತಡ, ಕೊಕ್ಕರ್ಣೆ ಪೇಟೆಯ ಹೋಟೆಲಿನಲ್ಲಿ ಧರ್ಮಸಭೆ ಸೇರಿತು. ಕೋಟದಿಂದ ಹಂಚು, ಸಿಮೆಂಟು ಹೇರಿಕೊಂಡು ಬರುವ ಗೂಡ್ಸ್ ಟೆಂಪೋದ ಪ್ರೇಮಾನಂದ ಪೂಜಾರಿ ಆ ಸಭೆಯ ಅಧ್ಯಕ್ಷ. ಅವನಿಗೆ ಶೆಟ್ಟರ ಮೇಲೆ ಅಪಾರ ಗೌರವ, ಆಟೊಮ್ಯಾಟಿಕ್ಕಿನ ಮೇಲೆ ಅಷ್ಟೇ ತಿರಸ್ಕಾರ.

"ಶೆಟ್ರೆ, ಕ್ಲಚ್ ಇಲ್ದ್ ಗಾಡಿ ಅಂದ್ರೆ ಮೀಸಿ ಬೋಳ್ಸ್ಕಂಡ್ ಮದಿಗ್ ಹೋದಂಗ್ ಮಾರಾಯ್ರೆ," ಎಂದ.

ಶೆಟ್ಟರು ಮೀಸೆ ಮುಟ್ಟಿ ನೋಡಿಕೊಂಡರು. ತೀರ್ಮಾನ ಅಲ್ಲೇ ಆಯಿತು. ಮ್ಯಾನುವಲ್ಲೇ.

ಆ ತೀರ್ಮಾನವನ್ನು ಮನೆಗೆ ತಂದು ಅಡುಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ ಉಮಾವತಿ ಒಣಮೆಣಸು ತೊಟ್ಟು ಮುರಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಹ್ವಾಯ್, ಉಂಬವ್ರ್ ಯಾರಾದ್ರೂ ಈ ಸಾರ್ ಎಷ್ಟನೇ ಗೇರಲ್ ಬಂದದ್ದ್ ಅಂದೇಳಿ ಕೇಂತ್ರಾ?"

ಶೆಟ್ಟರು ಕಲೆ, ಗೌರವ, ಪರಂಪರೆ ಎಂದೆಲ್ಲ ಹೇಳಿದರು. ಉಮಾವತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಕ್ಲಚ್ಚೇ ಬೇಕಂದ್ರೆ ಅದನ್ನೇ ತಕಣಿ. ಯೋಗೀಶನ್ನ ಡ್ರೈವರ್ ಮಾಡುವ. ನೀವ್ ಹಿಂದ್ ಕೂಕಂಡ್ ಕೊಪ್ಪರ್ಗಿ ಹಿಡ್ಕಣಿ."

ಯೋಗೀಶ ಪಕ್ಕದ ಕೇರಿಯವನು, ಶಾಲೆಯ ವ್ಯಾನ್ ಓಡಿಸಿ ಬೇಸತ್ತು ಬೇರೆ ಕೆಲಸ ಹುಡುಕುತ್ತಿದ್ದವನು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಅವನ ಮೇಲೆ ಹೇಳಲಿಕ್ಕೆ ಶೆಟ್ಟರಿಗೆ ಒಂದು ದೂರೂ ಸಿಗಲಿಲ್ಲ. ಡ್ರೈವರ್ ಸೀಟಿನಲ್ಲಿ ಯೋಗೀಶ, ಹಿಂದೆ ತೆರೆದ ಬಾಡಿಯಲ್ಲಿ ಕೊಪ್ಪರಿಗೆ ತಬ್ಬಿಕೊಂಡು ತಾವು, ಸಾಲಿಗ್ರಾಮದ ಪೇಟೆಯಲ್ಲಿ ಗುರುತಿನವರೆಲ್ಲ ನೋಡುತ್ತಿರುವುದು. ಈ ಚಿತ್ರ ಕಣ್ಣಿಗೆ ಕಟ್ಟಿದ ಮೇಲೆ ಆ ದಿನದ ಊಟ ಸೇರಲಿಲ್ಲ.

ಆದರೂ ವೀರರು ಹಿಂದೆ ಸರಿಯುವುದು ಸುಲಭವಲ್ಲ. ಶೆಟ್ಟರು ನಡುವೆ ಒಂದು ದಾರಿ ಕಂಡುಹಿಡಿದರು. ಪರೀಕ್ಷೆ ಆಗಲಿ ಎಂದರು. ಶೋರೂಮಿನ ಆಟೊಮ್ಯಾಟಿಕ್ ಗಾಡಿಯಲ್ಲಿ ತುಂಬಿದ ಕೊಪ್ಪರಿಗೆ ಇಟ್ಟು ತಾವೇ ಓಡಿಸುವುದು. ಚೆಲ್ಲಿದರೆ ಮ್ಯಾನುವಲ್, ಚೆಲ್ಲದಿದ್ದರೆ ಆಟೊಮ್ಯಾಟಿಕ್. ಚೆಲ್ಲಿಯೇ ಚೆಲ್ಲುತ್ತದೆ, ಉಳಿದದ್ದು ಆಮೇಲೆ ನೋಡಿಕೊಳ್ಳುವ ಎಂಬ ಧೈರ್ಯ ಅವರಿಗೆ. ನೀರು ಇಡುವುದು ಬೇಡ, ಸಾರಿನ ಗುಣ ನೀರಿಗಿಲ್ಲ, ಸಾರೇ ಆಗಬೇಕು ಎಂದು ಪಟ್ಟು ಹಿಡಿದರು. ಆಟಕ್ಕೆ ಕೊಡುವುದಕ್ಕೆ ತನ್ನ ಹತ್ತಿರ ಸಾರಿಲ್ಲ ಎಂದು ಉಮಾವತಿ ದನಕ್ಕೆ ಇಟ್ಟ ಗಂಜಿ ತಿಳಿಯನ್ನು ಕೊಪ್ಪರಿಗೆ ತುಂಬ ಹೊಯ್ದು ಕೊಟ್ಟರು.

ಶೋರೂಮಿನಿಂದ ಗಾಡಿ ತಂದವಳು ಶರ್ಮಿಳಾ. ಹೊಳೆಯುವ ಹೊಸ ಗಾಡಿಗೆ ಕೊಪ್ಪರಿಗೆ ಏರುವುದನ್ನು ಕಂಡು ಅವಳ ಮುಖ ಸಣ್ಣದಾಯಿತು. ಶೆಟ್ಟರು ಕೆಳಗೆ ಟಾರ್ಪಾಲು ಹಾಸಿಸಿ ಸಮಾಧಾನ ಮಾಡಿದರು. ನ್ಯಾಯಾಧೀಶನಾಗಿ ಪ್ರೇಮಾನಂದ ಬಿಳಿ ಅಂಗಿ ಹಾಕಿಕೊಂಡು, ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು, ಹಿಂದೆ ಕೊಪ್ಪರಿಗೆಯ ಪಕ್ಕದಲ್ಲಿ ಕೂತ. ಬಟ್ಟೆ ಕಟ್ಟುವುದು ಬೇಡ, ಎಲ್ಲ ಕಣ್ಣಿಗೆ ಕಾಣಬೇಕು ಎಂದು ಅವನೇ ಹೇಳಿದ್ದು.

ಶರ್ಮಿಳಾ ಪಕ್ಕದಲ್ಲಿ ಕೂತು ಎಲ್ಲ ವಿವರಿಸಿದಳು. ಬಲಗಾಲಿಗೆ ಎರಡು ಪೆಡಲ್, ಒಂದು ಹೋಗಲಿಕ್ಕೆ, ಒಂದು ನಿಲ್ಲಲಿಕ್ಕೆ. "ಎಡ್ಗಾಲಿಗ್ ಎಂತ ಕೆಲ್ಸವೂ ಇಲ್ಲೆ ಸರ್. ಸುಮ್ನೆ ಇಟ್ಕಣಿ."

ಎಂಥ ಮಾತು! ಮುಂಬಯಿಯಲ್ಲಿ ಹೋಟೆಲಿನ ಸಾಮಾನು ಸಾಗಿಸುವ ಕಾಲದಿಂದ ದುಡಿದ ಎಡಗಾಲಿಗೆ ಒಂದು ಸನ್ಮಾನವಿಲ್ಲ, ಹಾರವಿಲ್ಲ, ಸುಮ್ಮನೆ ಇಟ್ಟುಕೊಳ್ಳಿ ಎಂದರೆ? ಶೆಟ್ಟರು ಬ್ರೇಕ್ ಬಿಟ್ಟರು. ಗಾಡಿ ಒಂದು ಶಬ್ದವಿಲ್ಲದೆ ತಾನೇ ಮುಂದೆ ಜಾರಿತು. ಅಂಗಳ ದಾಟಿತು. ಮಣ್ಣಿನ ದಾರಿ ದಾಟಿತು. ಡಾಮರು ರಸ್ತೆಗೆ ಹತ್ತಿತು. ವೇಗ ಏರಿತು. ಹಿಂದೆ ಗಂಜಿ ತಿಳಿ ಅಲುಗಲಿಲ್ಲ. ಇದು ಶೆಟ್ಟರು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು, ಅದರಿಂದ ಅವರಿಗೆ ಸ್ವಲ್ಪ ಸಿಟ್ಟೂ ಬಂತು.

ಶಾಲೆಯ ಮುಂದೆ ಹಂಪ್ ಬಂತು.

ಹಂಪ್ ಕಂಡರೆ ಗೇರ್ ಇಳಿಸಬೇಕು. ಗೇರ್ ಇಳಿಸಬೇಕಾದರೆ ಕ್ಲಚ್ ಒತ್ತಬೇಕು. ಇದನ್ನು ಶೆಟ್ಟರು ಯೋಚಿಸಲಿಲ್ಲ, ಎಡಗಾಲು ಯೋಚಿಸಿತು. ನೋವನ್ನೂ ಮರೆತು, ಯಜಮಾನನ ಅಪ್ಪಣೆಗೂ ಕಾಯದೆ, ಹಳೆಯ ಸೇವಕ ಓಡಿ ಬಂದು ಕೈಮುಗಿಯುವ ಹಾಗೆ ಹೋಗಿ, ಕ್ಲಚ್ ಇರಬೇಕಾದ ಜಾಗವನ್ನು ಶಕ್ತಿಯೆಲ್ಲ ಸೇರಿಸಿ ಮೆಟ್ಟಿತು. ಅಲ್ಲಿ ಇದ್ದದ್ದು ಬ್ರೇಕ್.

ಗಾಡಿ ಕಂಬ ನೆಟ್ಟ ಹಾಗೆ ನಿಂತಿತು. ಗಂಜಿ ತಿಳಿ ನಿಲ್ಲಲಿಲ್ಲ. ಅದು ಗುಡ್ಡದ ಹಾಗೆ ಎದ್ದು, ಹಿಂಜರಿದು, ಮತ್ತೆ ಎದ್ದು, ನ್ಯಾಯಾಧೀಶರ ನೆತ್ತಿಯಿಂದ ಪಾದದವರೆಗೆ ಪೂರ್ಣ ಅಭಿಷೇಕ ಮಾಡಿತು. ಒಂದೆರಡು ಅಗುಳು ಪ್ರೇಮಾನಂದನ ಮೀಸೆಯ ಮೇಲೆ ಉಳಿದವು.

ಗಾಡಿಯೊಳಗೆ ಶರ್ಮಿಳಾ ಶೆಟ್ಟರ ಎಡಗಾಲನ್ನು ನೋಡಿದಳು. ಆಮೇಲೆ ಗಿರಾಕಿಯ ಮರ್ಯಾದೆ ಕಾಯುವ ವೃತ್ತಿಧರ್ಮ ನೆನಪಾಗಿ ಕಿಟಕಿಯಾಚೆ ನೋಡಿದಳು. ಹಿಂದೆ ಕೂತವನಿಗೆ ಕಾಲು ಕಾಣುವುದಿಲ್ಲವಷ್ಟೆ. ಮನೆಯಂಗಳಕ್ಕೆ ವಾಪಸು ಬಂದು, ಸೇರಿದ್ದ ನೆರೆಕರೆಯವರ ಮುಂದೆ ಅಂಗಿ ಹಿಂಡುತ್ತ, ಪ್ರೇಮಾನಂದ ತೀರ್ಪು ಕೊಟ್ಟ. ಆಟೊಮ್ಯಾಟಿಕ್ ಜಗ್ಗುತ್ತದೆ. ತಲೆ ಕೆಟ್ಟ ಹೋರಿಯ ಹಾಗೆ ನಡುದಾರಿಯಲ್ಲಿ ನಿಲ್ಲುತ್ತದೆ. ಶೆಟ್ಟರಂಥವರ ಕೈಯಲ್ಲೇ ಹೀಗಾದರೆ ಉಳಿದವರ ಗತಿ ಏನು? ಮ್ಯಾನುವಲ್ ಗೆದ್ದಿತು. ನೆರೆಕರೆಯವರು ತಲೆ ಅಲ್ಲಾಡಿಸಿದರು. ಒಬ್ಬರು ಶೆಟ್ಟರ ಕೈ ಕುಲುಕಿದರು.

ಶೆಟ್ಟರು ಗೆದ್ದಿದ್ದರು. ಇಡೀ ಊರಿನ ಮುಂದೆ, ಸಾಕ್ಷಿಸಮೇತ.

ಕೊಟ್ಟಿಗೆಯ ಬಾಗಿಲಲ್ಲಿ ಉಮಾವತಿ ಸೆರಗಿಗೆ ಕೈ ಒರೆಸಿಕೊಂಡರು. "ಒಳ್ಳೆದಾಯ್ತ್. ಯೋಗೀಶನಿಗೆ ಫೋನ್ ಮಾಡ್ತೆ," ಎಂದು ಮೊಬೈಲ್ ತೆಗೆದು ಕಿವಿಗೆ ಹಿಡಿದರು.

ಅತ್ತ ಫೋನು ರಿಂಗಾಗುವ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ಒಂದು ರಿಂಗಿಗೆ ಶೆಟ್ಟರಿಗೆ ತಮ್ಮ ಕಲೆ ನೆನಪಾಯಿತು. ಮತ್ತೊಂದಕ್ಕೆ ಗೌರವ ನೆನಪಾಯಿತು. ಅದರ ಮುಂದಿನದಕ್ಕೆ ಕೊಪ್ಪರಿಗೆ ತಬ್ಬಿಕೊಂಡು ಸಾಲಿಗ್ರಾಮದ ಪೇಟೆಯಲ್ಲಿ ಹೋಗುತ್ತಿರುವ ತಾವೇ ಕಾಣಿಸಿದರು. ಯೋಗೀಶ ಒಳ್ಳೆಯವನು, ಫೋನನ್ನೂ ಬೇಗ ಎತ್ತುವವನು.

"ಪ್ರೇಮಾ," ಎಂದರು ಶೆಟ್ಟರು, ದೊಡ್ಡ ಸ್ವರದಲ್ಲಿ. "ಗಾಡಿದ್ ತಪ್ಪಲ್ಲ. ನನ್ ಎಡ್ಗಾಲ್ ಹೋಯಿ ಬ್ರೇಕ್ ಮೆಟ್ತ್."

ಉಮಾವತಿ ಫೋನಿಗೆ, ಸುಮ್ಮನೆ ಮಾಡಿದ್ದು ಮಾರಾಯ, ಹೇಗಿದ್ದಿ ಎಂದು ಕೇಳಿ ಇಟ್ಟರು.

"ಹಂಗಾರೆ ನನ್ನ್ ಹೀಂಗ್ ಮೀಯ್ಸದ್ದ್ ನೀವಾ?" ಎಂದ ಪ್ರೇಮಾನಂದ.

"ನಾನೇ. ಇನ್ನೊಂದ್ ಸಲ ಕೂಕೊ. ಬೈರಾಸ್ ಕೊಡ್."

ಗಂಜಿ ತಿಳಿಯಲ್ಲಿ ನೆಂದ ಬೈರಾಸಿನಿಂದ ಶೆಟ್ಟರು ತಮ್ಮ ಎಡ ಕಣಕಾಲನ್ನು ಸೀಟಿನ ಕೆಳಗಿನ ಕಂಬಿಗೆ ಕಟ್ಟಿಕೊಂಡರು. ಶೋರೂಮಿನಲ್ಲಿ ಕಲಿಸಿದ ಯಾವ ಪಾಠದಲ್ಲೂ ಇಲ್ಲದ ಈ ಕ್ರಮವನ್ನು ಕಂಡು ಶರ್ಮಿಳಾ ತನ್ನ ಬೆಲ್ಟ್ ಬಿಗಿದಳು. ಕೊಪ್ಪರಿಗೆಯಲ್ಲಿ ಉಳಿದ ತಿಳಿಗೆ ನೀರು ಬೆರೆಸಿ ಬಾಯಿವರೆಗೆ ತುಂಬಿದ್ದಾಯಿತು. ಪ್ರೇಮಾನಂದ ಈ ಸಲ ಅಂಗಿ ಬಿಚ್ಚಿಟ್ಟು ಹತ್ತಿದ.

ಶಾಲೆಯ ಹಂಪ್ ಬಂತು. ಎಡಗಾಲು, ನೆಂಟರನ್ನು ಕಂಡ ಕಟ್ಟಿಹಾಕಿದ ನಾಯಿಯ ಹಾಗೆ, ಬೈರಾಸನ್ನು ಜಗ್ಗಿತು. ಬೈರಾಸು ಬಿಡಲಿಲ್ಲ. ಬಲಗಾಲು, ಅಷ್ಟು ವರ್ಷ ಎರಡನೆಯ ಸಾಲಿನಲ್ಲಿ ಕೂತಿದ್ದ ಬಡಪಾಯಿ, ಮೆಲ್ಲಗೆ ಬ್ರೇಕ್ ಹಿಡಿಯಿತು. ಗಾಡಿ ಹಂಪನ್ನು ಹತ್ತಿ ಇಳಿಯಿತು. ಪೇತ್ರಿಯ ಹೊತ್ತಿಗೆ ಎಡಗಾಲಿನ ಜಗ್ಗಾಟ ಕಡಿಮೆಯಾಯಿತು. ಬ್ರಹ್ಮಾವರದ ಸರ್ಕಲ್ಲಿನಲ್ಲಿ ಎಂದಿನ ಇರುವೆ ಸಾಲು. ಬ್ರೇಕ್ ಬಿಟ್ಟರೆ ಗಾಡಿ ತಾನೇ ಒಂದು ಮಾರು ತೆವಳುತ್ತದೆ, ಹಿಡಿದರೆ ನಿಲ್ಲುತ್ತದೆ. ಅಕ್ಕಪಕ್ಕದ ಡ್ರೈವರುಗಳು ಕ್ಲಚ್ ಒತ್ತಿ ಒತ್ತಿ ಬೆವರುತ್ತಿದ್ದಾಗ ಶೆಟ್ಟರ ಮೊಣಗಂಟು ಅರಮನೆಯ ದಿವಾನನ ಹಾಗೆ ಆರಾಮಾಗಿ ಕೂತಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಶೆಟ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ, ತಾಳು ಮಾರಾಯ ಎಂದು ಬೀಸಿದರು.

ಮನೆಗೆ ಬಂದಾಗ ಪ್ರೇಮಾನಂದ ಕೊಪ್ಪರಿಗೆಯ ಅಂಚಿಗೆ ಬೆರಳು ಸವರಿ ನೋಡಿದ, ಒರೆಸಿ ಮತ್ತೆ ಹಾಸಿದ್ದ ಟಾರ್ಪಾಲನ್ನೂ ನೋಡಿದ. ಒಂದು ಹನಿಯೂ ಚೆಲ್ಲಿರಲಿಲ್ಲ. ತೀರ್ಪು ತಿದ್ದಿದ. ಗಂಜಿ ತಿಳಿ ದನಗಳ ಪಾಲಾಯಿತು, ಆಟೊಮ್ಯಾಟಿಕ್ಕಿಗೆ ಅಲ್ಲೇ ಬುಕಿಂಗ್ ಆಯಿತು.

ಮಾರನೆಯ ದಿನ ಹೋಟೆಲಿನಲ್ಲಿ ಶೆಟ್ಟರು ಹೊಸ ಸಿದ್ಧಾಂತ ಮಂಡಿಸಿದರು. ಗೇರ್ ಹಾಕುವುದು ಕೂಲಿ ಕೆಲಸ, ಯಂತ್ರ ಮಾಡಲಿ. ಬ್ರೇಕ್ ಹಿಡಿಯುವುದೇ ಕಲೆ, ಅದು ಇರುವುದು ಬಲಗಾಲಿನಲ್ಲಿ. ದೇವರು ಬಲಗಾಲನ್ನು ಮಾಡುವಾಗ ಕೂತ ಹೊತ್ತು ಯಾರಿಗಾದರೂ ಗೊತ್ತುಂಟಾ? ಯಾರಿಗೂ ಗೊತ್ತಿರಲಿಲ್ಲ.

ಹೊಸ ಗಾಡಿಯ ಮೊದಲ ಮದುವೆ ಕೋಟದಲ್ಲಿ. ಈ ಸಲ ಕೊಪ್ಪರಿಗೆಯಲ್ಲಿ ನಿಜವಾದ ಕೋಳಿ ಸಾರು, ಪಕ್ಕದ ಸೀಟಿನಲ್ಲಿ ಉಮಾವತಿ. ಎಡಗಾಲು ಯಾವ ಕಟ್ಟೂ ಇಲ್ಲದೆ ಮ್ಯಾಟಿನ ಮೇಲೆ ಚಪ್ಪಟೆಯಾಗಿ ಇತ್ತು. ಮದುವೆ ಹಾಲ್‌ನ ಅಡುಗೆಮನೆ ಹಿಂಬದಿಗೆ. ಅಲ್ಲಿಗೆ ಹೋಗುವ ಓಣಿಗೆ ಒಂದು ಕಡೆ ಕಂಪೌಂಡು ಗೋಡೆ, ಇನ್ನೊಂದು ಕಡೆ ಜನರೇಟರು, ನಡುವೆ ಪಿಕಪ್ಪಿಗೆ ಅಳೆದು ಬಿಟ್ಟಷ್ಟೇ ಜಾಗ. ಶೆಟ್ಟರು ಕುಂಟುತ್ತ ಇಳಿದು ಓಣಿಯನ್ನು ನೋಡುತ್ತಿದ್ದಾಗ ಹಾಲ್‌ನ ಮ್ಯಾನೇಜರು ಬಂದು, ಕಾಲು ನೋವಲ್ಲವಾ ಶೆಟ್ರೆ, ಕೀ ಕೊಡಿ, ನಮ್ಮ ಡ್ರೈವರ್ ಹಿಂದೆ ಹಾಕಿ ಕೊಡುತ್ತಾನೆ ಎಂದು ಕೈ ಚಾಚಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

"ಕೀ ನನ್ ಹತ್ರವೇ ಇರ್ಲಿ," ಎಂದು ಶೆಟ್ಟರು ಮತ್ತೆ ಹತ್ತಿ ಕೂತರು.

ಗಾಡಿ ಹಿಮ್ಮುಖವಾಗಿ ತೆವಳಿತು. ಕಂಪೌಂಡಿಗೂ ತಾಗಲಿಲ್ಲ, ಜನರೇಟರಿಗೂ ತಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒಂದು ಮೊಳ ಇರುವಾಗ ನಿಂತಿತು. ಸೌಟು ಹಿಡಿದುಕೊಂಡು ಹೊರಗೆ ಬಂದ ಬಡಿಸುವವರು ಕಾದು ನಿಂತರು. ಶೆಟ್ಟರು ಇಳಿಯಲಿಲ್ಲ. ಕನ್ನಡಿ ಸರಿ ಮಾಡಿಕೊಂಡು, ಮೊಳ ಹೆಚ್ಚಾಯಿತು, ಒಂದು ಗೇಣು ಸಾಕು ಎಂದು ಇನ್ನೂ ಒಂದಿಷ್ಟು ಹಿಂದೆ ಬಿಟ್ಟರು. ಅದೂ ಮನಸ್ಸಿಗೆ ಬರಲಿಲ್ಲ. ಸ್ವಲ್ಪ ಮುಂದೆ ತಂದು, ಮತ್ತೆ ನೇರ ಮಾಡಿ ಹಿಂದೆ ಬಿಟ್ಟರು.

"ಸಾಕ್, ಇಳಿನಿ," ಎಂದರು ಉಮಾವತಿ. "ಸಾರ್ ತಣಿತ್ತ್."