ಭಟ್ಟರು ಬಸ್ಸು ಕರೆಯುತ್ತಿದ್ದ ರೀತಿ

ಗೋಪಾಲ ಭಟ್ಟರು ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ. ನಾವೆಲ್ಲ ಕೈ ಬೀಸಿ, ಕೊಡೆ ಬೀಸಿ, ರಸ್ತೆಗೆ ಅರ್ಧ ಇಳಿದು ಒದ್ದಾಡುತ್ತಿದ್ದರೆ, ಅವರು ಫುಟ್‌ಪಾತಿನ ಮೇಲೆ ನೆಟ್ಟಗೆ ನಿಂತು, ಬಲಗೈಯನ್ನು ಸೊಂಟದ ಮಟ್ಟದಲ್ಲಿ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ, ‘ಬನ್ನಿ, ಇಲ್ಲಿ ಜಾಗ ಉಂಟು’ ಎನ್ನುವಂತೆ ತೋರಿಸುತ್ತಿದ್ದರು. ಪುರಸೈವಾಕ್ಕಂನ ಒಂದು ಉಡುಪಿ ಹೋಟೆಲಿನಲ್ಲಿ ಊಟದ ಹಾಲ್‌ನ ಉಸ್ತುವಾರಿ ನೋಡಿಕೊಂಡಿದ್ದವರು. ಗಿರಾಕಿಗಳನ್ನು ಖಾಲಿ ಮೇಜಿಗೆ ಕರೆದೂ ಕರೆದೂ ಆ ಕೈ ಹಾಗೇ ಆಗಿಹೋಗಿತ್ತು. ಕೆಲಸ ಬಿಟ್ಟು ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಕರೆಯಲು ಗಿರಾಕಿಗಳಿಲ್ಲದೆ ಬಸ್ಸನ್ನೇ ಕರೆಯತೊಡಗಿದರು.

ಬಸ್ಸು ಮಾತ್ರ ಗಿರಾಕಿಯಷ್ಟು ಸಭ್ಯವಾಗಿರಲಿಲ್ಲ. ಒಳರಸ್ತೆಗಳನ್ನು ಸುತ್ತಿ ಸ್ಟೇಷನ್ನಿಗೆ ಹೋಗುವ ಸಣ್ಣ ಬಸ್ಸು ಅದು. ದಾರಿ, ವೇಳೆ, ಕಂಡಕ್ಟರು ಎಲ್ಲ ಸರ್ಕಾರದ್ದು. ಬಸ್ಸು ಮತ್ತು ಡ್ರೈವರು ಗುತ್ತಿಗೆದಾರನದ್ದು. ಗುತ್ತಿಗೆದಾರನಿಗೆ ಹಣ ಸಿಗುವುದು ಓಡಿದ ಕಿಲೋಮೀಟರಿಗೆ. ಒಳಗೆ ಜನ ಇದ್ದರೇನು, ಬಿಟ್ಟರೇನು. ನಮ್ಮ ಸ್ಟಾಪು ಇರುವುದು ಒಂದು ತಿರುವಿನಲ್ಲಿ, ಮಳೆ ಬಂದರೆ ನೀರು ಇಳಿಯಲು ವಾರ ಹಿಡಿಯುವ ಜಾಗದಲ್ಲಿ. ಅಲ್ಲಿ ಬಸ್ಸು ನಿಂತರೆ ನಿಂತಿತು, ಇಲ್ಲದಿದ್ದರೆ ಇಲ್ಲ. ನಿಂತರೂ ಆಚೆಯ ಟ್ರಾನ್ಸ್‌ಫಾರ್ಮರ್ ಹತ್ತಿರ. ಕ್ರೋಂಪೇಟೆಯ ಕಾಲೇಜಿಗೆ ಪಾಠ ಮಾಡಲು ಹೋಗುವ ನಾನು ಸೀರೆ ಎತ್ತಿ ಹಿಡಿದು ಓಡುವುದರಲ್ಲಿ ಪಳಗಿಬಿಟ್ಟಿದ್ದೆ. ಹೂ ಮಾರುವ ಸೆಲ್ವಿ ಬುಟ್ಟಿ ಹೊತ್ತುಕೊಂಡೇ ನನಗಿಂತ ಮುಂದೆ ಓಡುತ್ತಿದ್ದಳು. ಭಟ್ಟರು ಓಡುತ್ತಿರಲಿಲ್ಲ.

“ಎಲೆ ಎದ್ದು ಬಡಿಸುವವನ ಹಿಂದೆ ಓಡ್ತದಾ ಟೀಚರೇ?” ಎಂದು ಕೇಳುತ್ತಿದ್ದರು. “ಅವ ಬರ್ಬೇಕು ಎಲೆಯ ಹತ್ರ.”

“ನಿಮ್ಮ ಎಲೆಗೆ ಹನ್ನೊಂದು ಗಂಟೆಗೆ ಕ್ಲಾಸಿಲ್ಲ ಭಟ್ರೇ,” ಎಂದು ನಾನು ಮೈಸೂರಿನವಳ ಸಿಟ್ಟಿನಲ್ಲಿ ಹೇಳಿ ಓಡುತ್ತಿದ್ದೆ.

ಅವರಿಗೆ ಲೋಕವೆಲ್ಲ ಒಂದು ಪಂಕ್ತಿ. ಸಾಲಾಗಿ ಎಲೆ ಹಾಕಿ ಕೂತ ಮೇಲೆ ಬಡಿಸುವವನು ಒಂದು ಎಲೆಯನ್ನೂ ದಾಟಿ ಹೋಗಕೂಡದು. ದಾಟಿದರೆ ಪಂಕ್ತಿಭೇದ, ಅವರ ಪಾಲಿಗೆ ಅದಕ್ಕಿಂತ ದೊಡ್ಡ ಪಾಪವಿಲ್ಲ. ಸ್ಟಾಪುಗಳೂ ಎಲೆಗಳೇ. ಬಸ್ಸು ನಮ್ಮನ್ನು ಬಿಟ್ಟು ಹೋದ ದಿನ ಅವರ ಮುಖ ನೋಡಬೇಕಿತ್ತು. ಸಾರಿನ ಬಕೀಟು ಕಣ್ಣೆದುರೇ ಹೋದವರ ಮುಖ ಅದು.

ಇಷ್ಟೆಲ್ಲ ಹಟ ಹೆಂಡತಿ ಶಾರದಕ್ಕನಿಗಾಗಿ. ಆಕೆಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ನಿಧಾನವಾಗಿತ್ತು. ವ್ಯಾಯಾಮ ಮಾಡಿಸುವ ಕ್ಲಿನಿಕ್ಕು ಸ್ಟೇಷನ್ನಿನ ಬಳಿ. ಬಸ್ಸು ಫುಟ್‌ಪಾತಿಗೆ ತಾಗಿ ನಿಂತರೆ ಮಾತ್ರ ಆಕೆ ಹತ್ತಬಲ್ಲರು. ಆಟೋದಲ್ಲಿ ಕರೆದುಕೊಂಡು ಹೋಗಬಾರದೇ ಎಂದು ನಾನೊಮ್ಮೆ ಕೇಳಿದೆ. ಭಟ್ಟರು ಹೆಂಡತಿಗೆ ಕೇಳದಷ್ಟು ದೂರ ನನ್ನನ್ನು ಕರೆದೊಯ್ದರು.

“ಆಟೋದಲ್ಲಿ ಹೋದ್ರೆ ಇವಳು ಪೇಷಂಟ್ ಟೀಚರೇ. ಬಸ್ಸಲ್ಲಿ ಹೋದ್ರೆ ಪ್ಯಾಸೆಂಜರ್. ಕಿಟಕಿ ಹತ್ರ ಕೂತು ಸೆಲ್ವಿ ಹತ್ರ ಮಾತಾಡ್ತಾಳೆ. ನನ್ನ ಹತ್ರ ಅಷ್ಟು ಮಾತಾಡುದಿಲ್ಲ.”

ಬಸ್ಸಿನ ಆಫೀಸಿಗೂ ಹೋಗಿ ಬಂದರು. ಅಲ್ಲಿದ್ದವರು ಕಂಪ್ಯೂಟರ್ ನೋಡಿ, “ವಂಡಿ ಎಲ್ಲಾ ಟ್ರಿಪ್ಪುಂ ಓಡಿಯಿರುಕ್ಕು ಸಾರ್” ಎಂದು ಹೇಳಿ ಕಳಿಸಿದರಂತೆ. ಬಸ್ಸು ಎಲ್ಲ ಟ್ರಿಪ್ಪೂ ಓಡಿದೆ ಎನ್ನುವುದು ನಿಜವೇ. “ಬಕೀಟು ಪಂಕ್ತಿಗೆ ಸುತ್ತು ಬಂತಾ ಅಂತ ನೋಡ್ತಾರೆ ಮಾರಾಯ್ರೆ,” ಎಂದರು ಭಟ್ಟರು. “ಎಲೆಗೆ ಬಿತ್ತಾ ಅಂತ ನೋಡುವವರು ಯಾರೂ ಇಲ್ಲ.”

ಆಮೇಲೆ ಅವರು ತಮ್ಮದೇ ಒಂದು ಉಪಾಯ ಹೂಡಿದರು. ಹೋಟೆಲಿನಲ್ಲಿ ಹೊಸ ಸಪ್ಲೈಯರ್ ಯಾರಾದರೂ ಎಲೆ ಬಿಟ್ಟು ಹೋದರೆ ಭಟ್ಟರು ಬೈಯುತ್ತಿರಲಿಲ್ಲವಂತೆ. ನೌಕರರ ಊಟದ ಹೊತ್ತಿಗೆ ಅವನನ್ನು ಪಂಕ್ತಿಯ ನಡುವೆ ಕೂರಿಸಿ, ಆಚೀಚೆಯವರಿಗೆಲ್ಲ ಬಡಿಸಿ, ಅವನ ಎಲೆ ದಾಟಿ ಹೋಗುತ್ತಿದ್ದರಂತೆ. ಒಂದು ಸಲ ಹಾಗಾದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ. ಮನೆಯ ಸತ್ಯನಾರಾಯಣ ಪೂಜೆಗೆ ಬಸ್ಸಿನ ಡ್ರೈವರ್ ಕುಮಾರನನ್ನು ಊಟಕ್ಕೆ ಕರೆದರು. ಈ ಸಂಚು ಗೊತ್ತಿದ್ದದ್ದು ಶಾರದಕ್ಕನಿಗೆ ಮತ್ತು ನನಗೆ.

ಭಾನುವಾರ ಕುಮಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ತೆಳ್ಳಗಿನ, ನಾಚಿಕೆಯ ಮನುಷ್ಯ. ನನ್ನ ಪಕ್ಕದ ಎಲೆಗೆ ಕೂತ. ಭಟ್ಟರು ಪಾಯಸದ ಪಾತ್ರೆ ಹಿಡಿದು ಸಾಲಿನ ತುದಿಯಿಂದ ಹೊರಟರು. ನನಗೆ ಬಡಿಸಿದರು. ಒಂದು ಹೆಜ್ಜೆ ಮುಂದೆ ಇಟ್ಟರು, ನಿಂತರು. ಕುಮಾರ ಎರಡೂ ಕೈಯಲ್ಲಿ ಎಲೆಯ ಅಂಚು ಒತ್ತಿ ಹಿಡಿದು ಕಾಯುತ್ತಿದ್ದ. ಭಟ್ಟರು ಸೌಟನ್ನು ಪಾತ್ರೆಯೊಳಗೆ ಅದ್ದಿದರು. ಆಮೇಲೆ ಅವನ ಎಲೆಗೆ ಒಂದಲ್ಲ, ಎರಡು ಸೌಟು ಪಾಯಸ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದ ಶಾರದಕ್ಕ ಸೊಟ್ಟಗಾಗಿದ್ದ ಬಾಯಿಯಲ್ಲೇ ನಕ್ಕುಬಿಟ್ಟರು. ಹೋಟೆಲಿನಲ್ಲಿ ನಡೆದದ್ದು ಮನೆಯಲ್ಲಿ, ಕರೆದ ಅತಿಥಿಯ ಮುಂದೆ ನಡೆಯಲಿಲ್ಲ.

ಕೈ ತೊಳೆದ ಮೇಲೆ ಭಟ್ಟರು ನೇರವಾಗಿಯೇ ಕೇಳಿದರು, ಯಾಕೆ ನಿಲ್ಲಿಸುವುದಿಲ್ಲ ಎಂದು. “ಲೇಟಾ ಪೋನಾ ಓನರ್ ಸಂಬಳಂ ಪುಡಿಪ್ಪಾರು ತಾತಾ,” ಎಂದ ಕುಮಾರ. “ಸ್ಟಾಪ್‌ಲ ನಿಕ್ಕಲೇನಾ ಯಾರುಮೇ ಕೇಕ್ಕಮಾಟ್ಟಾಂಗ.” ತಡವಾದರೆ ಸಂಬಳ ಹಿಡಿಯುತ್ತಾರೆ; ನಿಲ್ಲಿಸದಿದ್ದರೆ ಯಾರೂ ಕೇಳುವುದಿಲ್ಲ. ಭಟ್ಟರು ಅವನನ್ನು ಬಾಗಿಲವರೆಗೆ ಬಿಟ್ಟು ಬಂದರು. ಅವನು ಹೋದ ಮೇಲೆ, “ಇವನ ಎಲೆಯನ್ನೂ ಯಾರೋ ದಾಟಿದ್ದಾರೆ,” ಎಂದಷ್ಟೇ ಹೇಳಿ ಪಾತ್ರೆಗಳನ್ನು ಒಳಗೆ ತೆಗೆದುಕೊಂಡು ಹೋದರು.

ಮರುವಾರದಿಂದ ಕುಮಾರ ಫುಟ್‌ಪಾತಿಗೆ ತಾಗಿಸಿ ಬಸ್ಸು ನಿಲ್ಲಿಸತೊಡಗಿದ. ಶಾರದಕ್ಕ ರಾಣಿಯ ಹಾಗೆ ಹತ್ತಿದರು. ಭಟ್ಟರ ಗತ್ತು ಹೇಳತೀರದು. ಅದನ್ನು ಹಾಳು ಮಾಡಿದ್ದು ನಾನೇ. ಶಾರದಕ್ಕ ಕ್ಲಿನಿಕ್ಕಿಗೆ ಹೋಗದ ದಿನಗಳಲ್ಲಿ ಬಸ್ಸು ಎಂದಿನಂತೆ ಟ್ರಾನ್ಸ್‌ಫಾರ್ಮರ್ ಹತ್ತಿರವೇ ನಿಲ್ಲುತ್ತದೆ, ನಾವು ಎಂದಿನಂತೆ ಓಡುತ್ತೇವೆ ಎಂದು ಹೇಳಿಬಿಟ್ಟೆ.

ಭಟ್ಟರ ಮುಖ ಕಪ್ಪಿಟ್ಟಿತು. “ಹಾಗಾದ್ರೆ ನಾನೇ ಪಂಕ್ತಿಭೇದ ಮಾಡಿಸಿದ ಹಾಗಾಯ್ತಲ್ಲ.”

ಅಂದಿನಿಂದ ಅವರು ಪ್ರತಿದಿನ ಬೆಳಿಗ್ಗೆ ಸ್ಟಾಪಿಗೆ ಬರತೊಡಗಿದರು. ಎಲ್ಲಿಗೂ ಹೋಗಲಿಕ್ಕಿಲ್ಲ. ಬಿಳಿ ಪಂಚೆ, ಹೆಗಲಿಗೆ ಟವೆಲು, ಚಾಚಿದ ಅಂಗೈ. ಅವರನ್ನು ಕಂಡರೆ ಕುಮಾರ ಬ್ರೇಕು ಹಾಕುತ್ತಿದ್ದ. ಎಲ್ಲರೂ ಹತ್ತುವವರೆಗೆ ಬಾಗಿಲ ಪಕ್ಕ ನಿಂತು, ಸೆಲ್ವಿಯ ಬುಟ್ಟಿ ಎತ್ತಿಕೊಟ್ಟು, ಕಂಡಕ್ಟರಿಗೆ ‘ಆಯ್ತು’ ಎಂದು ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ನೀರಿನಲ್ಲೇ ನಿಂತರು. ನನಗೆ ನಗು ಬರುತ್ತಿತ್ತು, ಅಷ್ಟೇ ಸಂಕಟವೂ ಆಗುತ್ತಿತ್ತು. ಇಡೀ ಒಂದು ವ್ಯವಸ್ಥೆ ನೋಡಿಕೊಳ್ಳಬೇಕಾದ ಕೆಲಸವನ್ನು ಒಬ್ಬ ಮುದುಕ ಒದ್ದೆ ಪಂಚೆಯಲ್ಲಿ ಮಾಡುತ್ತಿದ್ದರು.

ಕಡೆಯ ಸಲ ಅವರು ನನ್ನ ಜೊತೆ ಮಾತಾಡಿದ್ದು ಜಗಳವೇ. ಗುತ್ತಿಗೆ ಬೇರೆಯವರ ಕೈಗೆ ಹೋಗಿ ಕುಮಾರನ ಬದಲು ಹೊಸ ಡ್ರೈವರ್ ಬಂದಿದ್ದ. ಅವನಿಗೆ ಭಟ್ಟರೂ ಒಂದೇ, ಟ್ರಾನ್ಸ್‌ಫಾರ್ಮರೂ ಒಂದೇ. ಮೊದಲ ದಿನವೇ ಆಚೆ ಹೋಗಿ ನಿಲ್ಲಿಸಿದ, ನಾನು ಓಡಿದೆ. ಸಂಜೆ ಲಿಫ್ಟಿನ ಹತ್ತಿರ ಭಟ್ಟರು ತಡೆದರು. “ನೀವು ಓಡ್ತೀರಿ ಟೀಚರೇ, ಹಾಗಾಗಿಯೇ ಅವ ಅಲ್ಲಿ ನಿಲ್ಲಿಸುದು. ಇನ್ನು ಓಡ್ಬೇಡಿ.” ಸುಸ್ತಾಗಿದ್ದ ನಾನು, “ನೋಡೋಣ ಬಿಡಿ ಭಟ್ರೇ,” ಎಂದು ಲಿಫ್ಟು ಹತ್ತಿದೆ. ಮರುದಿನ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ವಾರ ಶಾರದಕ್ಕನ ಅಣ್ಣನ ಮಗ ಕ್ಲಿನಿಕ್ಕಿಗೆ ಹೋಗಲು ಆಟೋ ಕರೆಸಿದ. ಆಕೆ ಅದನ್ನು ವಾಪಸು ಕಳಿಸಿ, ಕೋಲೂರಿಕೊಂಡು ಸ್ಟಾಪಿಗೆ ಬಂದರು. ಬಸ್ಸು ಬಂತು, ನಮ್ಮನ್ನು ದಾಟಿತು, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಿತು. ಎಲ್ಲರೂ ಓಡಿದರು. ನನ್ನ ಕಾಲೂ ತಾನಾಗಿ ಹೊರಟಿತು. ತಿರುಗಿ ನೋಡಿದರೆ ಶಾರದಕ್ಕ ನಿಂತಲ್ಲೇ ಇದ್ದರು. ಎಡಗೈಯಲ್ಲಿದ್ದ ಕೋಲನ್ನು ಒತ್ತಿ ಊರಿ, ಲೋಟ ಹಿಡಿಯಲೂ ಆಗದ ಬಲಗೈಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಚಾಚಿದ್ದರು. ಅಂಗೈ ಮೇಲಿತ್ತು.

ನನ್ನ ಕಣ್ಣು ತುಂಬಿತು. ಹೋಗಿ ಅವರ ಪಕ್ಕ ನಿಂತೆ. ಅರ್ಧ ದಾರಿಯಿಂದ ಸೆಲ್ವಿ ವಾಪಸು ಬಂದು ಬುಟ್ಟಿ ಇಳಿಸಿ ನಿಂತಳು. ಉಳಿದವರೂ ಬಸ್ಸನ್ನು ನೋಡಿ, ನಮ್ಮನ್ನು ನೋಡಿ, ಒಬ್ಬೊಬ್ಬರಾಗಿ ಹಿಂದಕ್ಕೆ ಬಂದರು. ಬಾಗಿಲಲ್ಲಿದ್ದ ಹಳೆಯ ಕಂಡಕ್ಟರು ಇದನ್ನೆಲ್ಲ ನೋಡಿ ಸೀಟಿ ಊದಿದರು. ಬಸ್ಸು ನಿಧಾನವಾಗಿ ಹಿಂದಕ್ಕೆ ಬಂದು ಫುಟ್‌ಪಾತಿಗೆ ತಾಗಿ ನಿಂತಿತು.

“ಎನ್ನ ಪಾಟಿ, ಅಂಗ ವರಕ್ಕೂಡಾದಾ?” ಅಲ್ಲಿಗೇ ಬರಬಾರದಾ ಅಜ್ಜಿ ಎಂದು ಡ್ರೈವರ್ ರೇಗಿದ.

ಶಾರದಕ್ಕ ಒಂದೊಂದೇ ಮಾತು ಜೋಡಿಸಿಕೊಂಡು, ಕನ್ನಡದಲ್ಲೇ, “ಎಲೆ... ಓಡ್ತದಾ?” ಎಂದರು. ಅವನಿಗೆ ಏನೂ ಅರ್ಥವಾಗಲಿಲ್ಲ. ಆಕೆ ಮೊದಲು ಹತ್ತಿ ಕಿಟಕಿಯ ಹತ್ತಿರ ಕೂತರು, ನಾವು ಸಾಲಾಗಿ ಹತ್ತಿದೆವು. ನಮ್ಮ ಸ್ಟಾಪಿನಲ್ಲಿ ಈಗ ಯಾರೂ ಓಡುವುದಿಲ್ಲ.